ಬಾಗಿಲು ಮುಚ್ಚಿದವನು

ಮುಂಬಯಿ
12 ಜೂನ್ 2024

ಪ್ರೀತಿಯ ರಾಹಿಲಾ,

ನಾನು ಸುಜಿತ್. ಶಕ್ತಿನಗರದ ಸುಜಿತ್ ಶೆಟ್ಟಿ, ನಿಮ್ಮ ಅಯ್ಯೂಬನ ದೋಸ್ತಿ. ನೆನಪುಂಟು ಅಂದುಕೊಳ್ತೇನೆ. ನಿಮ್ಮ ಮೇಲ್ ವಿಳಾಸ ಎಡ್ವಿನ್ ಕೊಟ್ಟ. ಆಗ ನಮ್ಮ ಕ್ಯಾಮೆರಾಮನ್ ಆಗಿದ್ದವ, ಈಗಲೂ ಮಂಗಳೂರಲ್ಲೇ ಸ್ಟುಡಿಯೋ ಇಟ್ಟುಕೊಂಡಿದ್ದಾನೆ. ಫೋನ್ ಮಾಡಬಹುದಿತ್ತು. ಇಷ್ಟು ವರ್ಷ ಆದ ಮೇಲೆ ಫೋನಿನಲ್ಲಿ ಎಲ್ಲಿಂದ ಶುರು ಮಾಡುವುದು ಅಂತ ಗೊತ್ತಾಗಲಿಲ್ಲ.

ವಿಷಯ ಹೇಳ್ತೇನೆ. ನಮ್ಮ ‘ಆಕಾಶ ಬಂದರು’ ಧಾರಾವಾಹಿ ಈಗ ಮತ್ತೆ ಜನರ ಬಾಯಲ್ಲಿ ಉಂಟು. ಯಾರೋ ಎಲ್ಲ ಕಂತುಗಳನ್ನು ಯೂಟ್ಯೂಬಿಗೆ ಹಾಕಿದ್ದಾರೆ. ಆಗ ಹುಟ್ಟಿಯೇ ಇರದ ಮಕ್ಕಳು ಕೂತು ನೋಡ್ತಿದ್ದಾರೆ. ಕನ್ನಡದಲ್ಲಿ ಆ ಕಾಲಕ್ಕೆ ಆಕಾಶ ನೌಕೆಯ ಕಥೆ ಮಾಡಿದವರು ಯಾರು ಅಂತ ಹುಡುಕಿಕೊಂಡು ನನ್ನವರೆಗೆ ಬಂದರು. ಈಗ ಇಲ್ಲಿಯ ಒಂದು ಕಂಪನಿ ಅದರ ಹಿಂದಿನ ಕಥೆ, ಪ್ರೀಕ್ವೆಲ್, ಮಾಡ್ಲಿಕ್ಕೆ ಮುಂದೆ ಬಂದಿದೆ. ಸಮುದ್ರ ಏರಿ ಊರು ಮುಳುಗುವ ಮೊದಲು ಆ ಹಡಗನ್ನು ಕಟ್ಟಿದವರು ಯಾರು, ಹೇಗೆ ಕಟ್ಟಿದರು, ಅದು ಕಥೆ. ಬರೆಯುವುದು ನಾನೇ.

ಎರಡು ವಿಷಯ ಕೇಳಬೇಕಿತ್ತು. ಬಂದರಿನ ಹತ್ತಿರದ ಹಳೆ ಐಸ್ ಪ್ಲಾಂಟಿನಲ್ಲಿ ನಾವು ಮೊದಲು ಶೂಟ್ ಮಾಡಿದ ಪೈಲಟ್ ಕಂತು ಉಂಟಲ್ಲ, ಅಯ್ಯೂಬ್ ಇಂಜಿನಿಯರ್ ಆಗಿದ್ದದ್ದು, ಅದು ನನ್ನ ಹತ್ತಿರ ಇಲ್ಲ. ಚಾನೆಲಿನವರು ಮೊದಲ ಕಂತನ್ನು ಬೇರೆ ನಟರನ್ನು ಇಟ್ಟು ಪುನಃ ಶೂಟ್ ಮಾಡಿಸಿದ್ದರು, ಈಗ ಅದೇ ಸಿಗುವುದು. ಅಯ್ಯೂಬನಿಗೆ ಒಂದು ವಿಎಚ್‌ಎಸ್ ಕ್ಯಾಸೆಟ್ ಕೊಟ್ಟ ನೆನಪು. ಉಂಟಾ?

ಇನ್ನೊಂದು, ಹೊಸ ಕಥೆಯಲ್ಲಿ ಇಂಜಿನಿಯರನೇ ಮುಖ್ಯ. ಆ ಪಾತ್ರಕ್ಕೆ ಬೇರೆ ಮುಖ ನನಗೆ ಕಾಣುವುದೇ ಇಲ್ಲ. ಈಗ ಕಂಪ್ಯೂಟರಿನಲ್ಲಿ ಇದ್ದ ಚಿತ್ರದಿಂದ ಮುಖವನ್ನು ಪೂರ್ತಿ ಕಟ್ಟಬಹುದು. ನೀವು ಒಪ್ಪಿದರೆ ಅಯ್ಯೂಬ್ ಪುನಃ ಪರದೆಗೆ ಬರ್ತಾನೆ.

ಯೋಚನೆ ಮಾಡಿ ಬರೆಯಿರಿ.

ಸುಜಿತ್

•

ಕೂಳೂರು, ಮಂಗಳೂರು
30 ಜೂನ್ 2024

ಸುಜಿತಣ್ಣ,

ನಿಮ್ಮ ಪತ್ರ ಓದಿ ಉತ್ತರ ಬರೆಯಲು ಇಷ್ಟು ದಿನ ಬೇಕಾಯಿತು. ಶಾಲೆ ಶುರುವಾದ ಗಡಿಬಿಡಿ ಎಂದು ಹೇಳಬಹುದು. ನಾನು ಇಲ್ಲೇ ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಆದರೆ ಕಾರಣ ಅದಲ್ಲ.

ಕ್ಯಾಸೆಟ್ ಇದೆ. ಹಾಕಿ ನೋಡಲು ಪ್ಲೇಯರ್ ಇಲ್ಲದೆ ಎಷ್ಟೋ ವರ್ಷ ಆಯಿತು. ನಮ್ಮ ಹವೆಗೆ ಒಳಗೆ ಬೂಸು ಹಿಡಿದಿರಬಹುದು. ಆದರೂ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ.

ಮಗಳು ಝಹ್ರಾ ಪಂಪ್‌ವೆಲ್ ಹತ್ತಿರ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್. ಅವರು ಸೌದಿಯ ದಮ್ಮಾಮಿಗೆ ಹೋಗುವಾಗ ಅವಳು ಕೈಗೂಸು. ಎರಡು ವರ್ಷದ ಮೇಲೆ ಅಲ್ಲೇ ಎದೆನೋವು ಬಂದು ಹೋದರು. ದಫನ್ ಕೂಡ ಅಲ್ಲೇ ಆಯಿತು. ಅವಳಿಗೆ ಅಪ್ಪ ಎಂದರೆ ಗೋಡೆಯ ಮೇಲಿನ ಪಾಸ್‌ಪೋರ್ಟ್ ಫೋಟೋ. ಧ್ವನಿ ಕೇಳಿದ ನೆನಪೇ ಇಲ್ಲ. ಆದ್ದರಿಂದ ನನ್ನದು ಒಂದೇ ಬೇಡಿಕೆ. ಕ್ಯಾಸೆಟ್ ಸರಿ ಮಾಡಿದ ಮೇಲೆ ನಮಗೊಂದು ಪ್ರತಿ ಕಳಿಸಿ.

ನಿಮಗೆ ಗೊತ್ತಿರಲಿಕ್ಕಿಲ್ಲ. ಧಾರಾವಾಹಿ ಟಿವಿಯಲ್ಲಿ ಶುರುವಾದ ದಿನ ಅವರು ಟಿವಿ ಇದ್ದ ಬಾಸಿತ್‌ನ ಅಂಗಡಿಗೆ ಎಲ್ಲರನ್ನೂ ಕರೆದುಕೊಂಡು ಹೋಗಿದ್ದರು. ತಾವು ಮಾಡಿದ್ದ ಪಾತ್ರದಲ್ಲಿ ಬೇರೆ ಯಾರೋ ನೌಕೆಯ ಬಾಗಿಲು ಮುಚ್ಚಿದ್ದನ್ನು ಅಲ್ಲಿ ನಿಂತು ನೋಡಿದರು. ಮನೆಗೆ ಬಂದು, “ಚೆನ್ನಾಗಿ ಮಾಡಿದ್ದಾನೆ” ಎಂದರು.

ಹೊಸ ಕಥೆಯಲ್ಲಿ ಅವರು ಏನು ಮಾಡುತ್ತಾರೆ? ಬಾಗಿಲು ಮುಚ್ಚುವುದು ಉಳಿಯುತ್ತದಲ್ಲ?

ರಾಹಿಲಾ

•

ಮುಂಬಯಿ
4 ಜುಲೈ 2024

ಪ್ರೀತಿಯ ರಾಹಿಲಾ,

ಕ್ಯಾಸೆಟ್ ಉಂಟು ಅಂತ ಓದಿ ಆಫೀಸಿನಲ್ಲಿ ಎದ್ದು ನಿಂತುಬಿಟ್ಟೆ. ಎಡ್ವಿನ್ ಈ ವಾರ ನಿಮ್ಮ ಮನೆಗೆ ಬರ್ತಾನೆ. ಬೂಸು ತೆಗೆಯುವುದೆಲ್ಲ ಅವನಿಗೆ ಗೊತ್ತುಂಟು. ನಿಮ್ಮ ಪ್ರತಿ ಮೊದಲು, ನಮ್ಮದು ಆಮೇಲೆ. ಒಪ್ಪಿಗೆಯ ಕಾಗದ ಕೂಡ ಅವನ ಹತ್ತಿರ ಇರ್ತದೆ, ಸಹಿ ಹಾಕಿ ಕೊಡಿ.

ಬಾಸಿತ್‌ನ ಅಂಗಡಿಯ ವಿಷಯ ನನಗೆ ಗೊತ್ತಿರಲಿಲ್ಲ. ಅಯ್ಯೂಬನಿಗೆ ಗಲ್ಫ್ ಚಾನ್ಸ್ ಸಿಕ್ಕಿ ಖುಷಿಯಲ್ಲಿ ಹೊರಟ ಅಂತಲೇ ನಾನು ತಿಳಿದದ್ದು. ಆಗ ಚಾನೆಲಿನವರು ಎಲ್ಲಿ ನನ್ನ ಮಾತು ಕೇಳ್ತಿದ್ದರು, ನಾನು ಹೊಸಬ.

ಬಾಗಿಲು ಮುಚ್ಚುವುದು ಇದ್ದೇ ಇರ್ತದೆ. ಅದಿಲ್ಲದೆ ‘ಆಕಾಶ ಬಂದರು’ ಎಲ್ಲಿಯದ್ದು? ಉಳಿದದ್ದು ಈಗ ಹೇಳುವ ಹಾಗಿಲ್ಲ, ಕಂಪನಿಯವರ ಕಟ್ಟುನಿಟ್ಟು. ಆದರೆ ಇಷ್ಟು ಹೇಳ್ತೇನೆ. ಆಗ ಅವನಿಗೆ ಇದ್ದದ್ದು ಒಂದು ದೃಶ್ಯ. ಈಗ ಕಥೆಯೇ ಅವನದ್ದು.

ಸುಜಿತ್

•

ಕೂಳೂರು
20 ಆಗಸ್ಟ್ 2024

ಸುಜಿತಣ್ಣ,

ಎಡ್ವಿನ್ ಕಳಿಸಿದ್ದು ಬಂತು. ಭಾನುವಾರ ಝಹ್ರಾಳ ಲ್ಯಾಪ್‌ಟಾಪಿನಲ್ಲಿ ಇಬ್ಬರೂ ನೋಡಿದೆವು.

ಚಿತ್ರ ಅಲ್ಲಲ್ಲಿ ನಡುಗುತ್ತದೆ. ಆದರೆ ಐಸ್ ಪ್ಲಾಂಟಿನ ಆ ದಪ್ಪ ಪೈಪುಗಳು, ಬಿಳಿ ಹೊಗೆ, ನೀವೆಲ್ಲ ಹೊಲಿಸಿದ ಬೂದು ಬಟ್ಟೆ, ಎಲ್ಲ ಕಾಣುತ್ತದೆ. ನಾನು ಅಕ್ಕಿಯ ಪತ್ತಿರ್ ರೊಟ್ಟಿ ಮತ್ತು ಕೋಳಿ ಸಾರು ಕಟ್ಟಿಕೊಂಡು ಬರುತ್ತಿದ್ದದ್ದು, ಆಕಾಶ ನೌಕೆಯ ಕ್ಯಾಪ್ಟನ್ ನೆಲದಲ್ಲಿ ಕೂತು ಬೆರಳು ಚೀಪುತ್ತಿದ್ದದ್ದು ನೆನಪಾಗಿ ನಗು ಬಂತು. ಕ್ಯಾಪ್ಟನ್ ನೀವೇ.

ಆಮೇಲೆ ಅವರು ಬಂದರು. ಕೈಯಲ್ಲಿ ಸ್ಪ್ಯಾನರ್. ಆ ಸ್ಪ್ಯಾನರ್ ಅವರ ಎಸಿ ರಿಪೇರಿ ಅಂಗಡಿಯದ್ದೇ. ಬಾಗಿಲು ಹೊರಗಿನಿಂದ ಮಾತ್ರ ಮುಚ್ಚುತ್ತದೆ, ಒಬ್ಬರು ಹೊರಗೆ ಉಳಿಯಬೇಕು ಎಂದು ಗೊತ್ತಾಗುತ್ತದೆ. ಎಲ್ಲರೂ ಗಲಾಟೆ ಮಾಡುತ್ತಿರುವಾಗ ಅವರು ಇಳಿದು ಹೋಗಿ, ತಿರುಗಿ, “ನೀವು ಹೋಗಿ ಮಾರಾಯ್ರೆ, ನಾನು ಬರ್ತೇನೆ” ಎನ್ನುತ್ತಾರೆ. ನಮ್ಮಲ್ಲಿ ಹೊರಡುವವರೂ “ಬರ್ತೇನೆ” ಎನ್ನುವುದಲ್ಲವಾ. ಬಜ್ಪೆ ವಿಮಾನ ನಿಲ್ದಾಣದಲ್ಲಿ ನನಗೂ ಹಾಗೆಯೇ ಹೇಳಿದ್ದರು.

ಝಹ್ರಾ ಅದನ್ನು ಹಿಂದಕ್ಕೆ ಹಾಕಿ ಮತ್ತೊಮ್ಮೆ ಕೇಳಿದಳು. ಕೊನೆಗೆ, “ಉಮ್ಮಾ, ಇದು ಉಪ್ಪನ ಸ್ವರವಾ? ಕಮರುದ್ದೀನ್ ಮಾಮನ ಹಾಗೆ ಮಾತಾಡ್ತಾರೆ” ಎಂದು ನಕ್ಕಳು. ಕಮರುದ್ದೀನ್ ನನ್ನ ಅಣ್ಣ, ಮೀನಿನ ವ್ಯಾಪಾರ. ಅವಳು ಏನು ಎಣಿಸಿಕೊಂಡಿದ್ದಳೋ. ಅಪ್ಪ ಎಂದರೆ ಗಂಭೀರವಾಗಿ ಮಾತಾಡುವವರು ಎಂದು ಇರಬೇಕು. ನನಗೆ ಮಾತ್ರ ಅಡುಗೆಮನೆಯಿಂದ ಅವರೇ ಕರೆದ ಹಾಗೆ ಆಯಿತು.

ಕಾಗದಕ್ಕೆ ಸಹಿ ಹಾಕಿ ಎಡ್ವಿನ್ ಕೈಯಲ್ಲಿ ಕೊಟ್ಟಿದ್ದೇನೆ. ಓದಲಿಲ್ಲ. ನಿಮ್ಮ ಮೇಲೆ ನಂಬಿಕೆ ಇದೆ. ಅವರ ಕಥೆ ಏನೆಂದು ಒಂದು ಸಾಲಿನಲ್ಲಾದರೂ ಹೇಳಿದರೆ ಸಂತೋಷ.

ರಾಹಿಲಾ

•

ಮುಂಬಯಿ
2 ಜನವರಿ 2025

ರಾಹಿಲಾ,

ತಡವಾಯ್ತು, ಕ್ಷಮಿಸಿ. ಆಗಸ್ಟಿನ ಮೇಲೆ ನೀವು ಕಳಿಸಿದ ಮೂರು ಮೇಲ್‌ಗಳನ್ನೂ ನೋಡಿದ್ದೇನೆ. ಕೆಲಸ ತಲೆಯ ಮೇಲೆ ಉಂಟು. ಅಯ್ಯೂಬನ ಮುಖ ತುಂಬ ಚೆನ್ನಾಗಿ ಬಂದಿದೆ, ನೋಡಿದರೆ ನೀವು ನಂಬಲಿಕ್ಕಿಲ್ಲ. ಸ್ವರ ಬೇರೆಯವರದ್ದು. ಕ್ಯಾಸೆಟಿನ ಸ್ವರ ಇಡೀ ರಾಜ್ಯಕ್ಕೆ ಹೊಂದುವುದಿಲ್ಲ ಅಂತ ಇವರ ಅಭಿಪ್ರಾಯ.

ಮಾರ್ಚಿನಲ್ಲಿ ಬಿಡುಗಡೆ. ಇವತ್ತಿನ ಪ್ರೇಕ್ಷಕರಿಗೆ ಬೇಕಾದ ಹಾಗೆ ಕೆಲವು ಬದಲಾವಣೆ ಆಗಿದೆ. ಅಲ್ಲಿ ಇಲ್ಲಿ ಯಾರಾದರೂ ಎಂತಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಪೂರ್ತಿ ನೋಡಿದ ಮೇಲೆ ಮಾತಾಡುವ.

ಸುಜಿತ್

•

ಕೂಳೂರು
14 ಫೆಬ್ರವರಿ 2025

ಸುಜಿತಣ್ಣ,

ಟ್ರೈಲರ್ ಬಂದದ್ದನ್ನು ನೀವು ನನಗೆ ಹೇಳಲಿಲ್ಲ. ಸ್ಟಾಫ್ ರೂಮಿನಲ್ಲಿ ಚೈತಾಲಿ ಟೀಚರ್ ತನ್ನ ಫೋನ್ ನನ್ನ ಕೈಗೆ ಕೊಟ್ಟು, “ಇದು ನಿಮ್ಮವರ ಮುಖ ಅಲ್ವಾ?” ಎಂದರು. ಪಾಪ, ಸಂತೋಷದ ವಿಷಯ ಎಂದುಕೊಂಡು ತೋರಿಸಿದ್ದು. ಮುಗಿಯುವಾಗ ಅವರೇ ಫೋನನ್ನು ಮೆಲ್ಲ ಹಿಂದೆ ತೆಗೆದುಕೊಂಡರು.

ಅದರಲ್ಲಿ ಅವರು ಹಡಗಿನ ಬಾಗಿಲಿನ ಕೀಲಿಯನ್ನು ದರೋಡೆಕೋರರ ಕೈಗೆ ಕೊಡುತ್ತಾರೆ. ಹಿಂದಿನಿಂದ ಯಾರೋ “ನಮ್ಮೊಳಗೇ ಒಬ್ಬ ದ್ರೋಹಿ” ಎನ್ನುತ್ತಾರೆ, ಆಮೇಲೆ ಅವರ ಮುಖ.

ಪೈಲಟ್‌ನಲ್ಲಿ ಅವರಿಗೆ ಹೆಸರೇ ಇರಲಿಲ್ಲ. ಎಲ್ಲರೂ “ಇಂಜಿನಿಯರ್” ಎಂದೇ ಕರೆಯುತ್ತಿದ್ದರು. ಈಗ ಹೆಸರು ಕೊಟ್ಟಿದ್ದೀರಿ, ಕಾದರ್. ಕೆಳಗೆ ಜನ ಬರೆದದ್ದನ್ನು ನೀವು ಓದಿದ್ದೀರಾ? “ಹೆಸರು ಕೇಳಿದಾಗಲೇ ಗೊತ್ತಾಯಿತು” ಎಂದು ಒಬ್ಬರು. ಅದಕ್ಕೆ ನೂರಾರು ಮಂದಿಯ ಮೆಚ್ಚುಗೆ.

ಟ್ರೈಲರ್‌ಗಳಲ್ಲಿ ದಾರಿ ತಪ್ಪಿಸಲು ಹೀಗೆಲ್ಲ ಮಾಡುತ್ತಾರೆ ಎಂದು ಝಹ್ರಾ ಹೇಳುತ್ತಾಳೆ. ಹಾಗಿದ್ದರೆ ಒಂದು ಸಾಲು ಬರೆಯಿರಿ, ಸಾಕು.

ರಾಹಿಲಾ

•

ಮುಂಬಯಿ
17 ಫೆಬ್ರವರಿ 2025

ಪ್ರೀತಿಯ ರಾಹಿಲಾ,

ನೀವು ಹೀಗೆ ಬೇಸರ ಮಾಡ್ತೀರಿ ಅಂತ ಗೊತ್ತಿದ್ದೇ ಮೊದಲು ಹೇಳಲಿಲ್ಲ. ಸಮಾಧಾನದಲ್ಲಿ ಓದಿ.

ಹಳೆ ಪೈಲಟ್‌ನಲ್ಲಿ ಇಂಜಿನಿಯರ್ ಬಾಗಿಲು ಮುಚ್ಚಲಿಕ್ಕೆ ಇಳಿದು ಹೋಗ್ತಾನೆ. ಯಾಕೆ? ಕಾರಣವೇ ಇಲ್ಲ. ಆಗ ನಮಗೆ ಬರೆಯಲಿಕ್ಕೆ ಬರ್ತಿರಲಿಲ್ಲ, ಜನವೂ ಕೇಳ್ತಿರಲಿಲ್ಲ. ಈಗ ಕೇಳ್ತಾರೆ. ಹೊಸ ಕಥೆಯಲ್ಲಿ ಕಾದರ್‌ಗೆ ಒಬ್ಬಳು ಮಗಳು. ಅವಳನ್ನು ದರೋಡೆಕೋರರು ಹಿಡಿದಿಟ್ಟಿದ್ದಾರೆ. ಅವಳಿಗೋಸ್ಕರ ಅವನು ಕೀಲಿ ಕೊಡ್ತಾನೆ, ನೂರಾರು ಜನ ಸಾಯ್ತಾರೆ. ಆಮೇಲೆ ಅದರ ಪ್ರಾಯಶ್ಚಿತ್ತಕ್ಕೆ ಬಾಗಿಲ ಹೊರಗೆ ಉಳಿಯುತ್ತಾನೆ. ಈಗ ಪೈಲಟ್ ನೋಡಿ, ಅದೇ ದೃಶ್ಯಕ್ಕೆ ಎಷ್ಟು ಆಳ ಬಂತು! ಸುಮ್ಮನೆ ಒಳ್ಳೆಯವನಾದವನನ್ನು ಯಾರೂ ನೆನಪಿಡುವುದಿಲ್ಲ ರಾಹಿಲಾ.

ನಿಜ ಹೇಳಬೇಕಾದರೆ ದ್ರೋಹದ ವಿಷಯ ಕಂಪನಿಯ ಬರಹಗಾರರದ್ದು. ನಾನು ಬೇಡ ಅಂತ ತುಂಬ ಜಗಳ ಮಾಡಿದೆ. ಮತ್ತೆ ಕಾದರ್ ಅಂದರೆ ಅಯ್ಯೂಬ್ ಅಲ್ಲವಲ್ಲ. ಮುಖ ಮಾತ್ರ ಅವನದ್ದು.

ಸುಜಿತ್

•

ಕೂಳೂರು
22 ಫೆಬ್ರವರಿ 2025

ಸುಜಿತ್ ಅವರಿಗೆ,

ನಿನ್ನೆ ಎಡ್ವಿನ್ ಮನೆಗೆ ಬಂದಿದ್ದರು. ನಾನು ಕರೆಯಲಿಲ್ಲ, ಟ್ರೈಲರ್ ನೋಡಿ ಅವರೇ ಬಂದರು. ಚಹಾ ಕೊಟ್ಟರೆ ಕುಡಿಯಲಿಲ್ಲ. “ಕೀಲಿ ಕೊಡುವ ವಿಷಯ ಸುಜಿತನೇ ಹೇಳಿದ್ದು. ಮುಂಬಯಿಯಲ್ಲಿ ಕಂಪನಿಯವರಿಗೆ ಮೊದಲ ದಿನ ಕಥೆ ಹೇಳುವಾಗ ನಾನು ಅಲ್ಲೇ ಕೂತಿದ್ದೆ” ಎಂದರು. ಅದು ಕಳೆದ ವರ್ಷದ ಮೇ ತಿಂಗಳಲ್ಲಂತೆ. ನೀವು ನನಗೆ ಮೊದಲ ಪತ್ರ ಬರೆದದ್ದು ಜೂನಿನಲ್ಲಿ.

ಆದ್ದರಿಂದ ಯಾರ ಯೋಚನೆ ಎಂಬ ಮಾತು ಬಿಡುವ. ನೀವು ಕೇಳಿದ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ಯಾಕೆ ಇಳಿದು ಹೋದ ಎಂದು ಕೇಳಿದಿರಲ್ಲ. ಆ ಪ್ರಶ್ನೆ ನೀವು ಆಗಲೂ ಕೇಳಿದ್ದಿರಿ. ಐಸ್ ಪ್ಲಾಂಟಿನಲ್ಲಿ ಊಟಕ್ಕೆ ಕೂತಾಗ, ನಾನು ಬಡಿಸುತ್ತಿದ್ದೆ. “ಅಯ್ಯೂಬ್, ಇವ ಯಾಕೆ ಹೋಗ್ತಾನೆ ಮಾರಾಯ, ಒಂದು ಡಯಲಾಗ್ ಬೇಕಲ್ಲ” ಎಂದಿರಿ. ಅವರು ಅನ್ನ ಕಲಸುತ್ತಾ, “ಆ ಬಾಗಿಲು ಅವನಿಗೆ ಮಾತ್ರ ಗೊತ್ತುಂಟಲ್ಲ. ಬೇರೆಯವರನ್ನು ಹೇಗೆ ಕಳಿಸುವುದು? ಅದಕ್ಕೆ ಎಂತ ಡಯಲಾಗ್” ಎಂದರು. ನೀವು ಅವರ ಬೆನ್ನಿಗೆ ತಟ್ಟಿದಿರಿ. ಹಾಗಾಗಿ ಅಲ್ಲಿ ಡಯಲಾಗ್ ಇಲ್ಲ. ನಿಮಗೆ ಬರೆಯಲು ಬಾರದೆ ಅಲ್ಲ.

ಅವರು ಹಾಗೆಯೇ ಇದ್ದರು, ನೋಡಿದವರು ನೀವು. ತಪ್ಪು ಮಾಡಿದವನು ಮಾತ್ರ ಇನ್ನೊಬ್ಬರಿಗಾಗಿ ಹೊರಗೆ ಉಳಿಯಬಹುದು ಎಂದು ನಿಮಗೆ ಯಾವಾಗಿನಿಂದ ಅನ್ನಿಸಲು ಶುರುವಾಯಿತು?

ಇನ್ನೊಂದು ವಿಷಯವನ್ನು ನಾನು ಮೊದಲು ಬರೆಯಲಿಲ್ಲ. ಅವರು ಖುಷಿಯಲ್ಲಿ ಗಲ್ಫಿಗೆ ಹೋದದ್ದಲ್ಲ. ನಿಮ್ಮ ಧಾರಾವಾಹಿಗೆ ಇಡೀ ವರ್ಷ ಕೆಲಸ ಇರುತ್ತದೆ, ಸೆಟ್ ಎಲ್ಲ ನಿನ್ನದೇ ಎಂದು ನೀವು ಹೇಳಿದ್ದಕ್ಕೆ ಅಂಗಡಿ ಮುಚ್ಚಿದ್ದರು. ಚಾನೆಲಿನವರು ಬೆಂಗಳೂರಿನಲ್ಲಿ ಶೂಟ್ ಮಾಡಿದರು. ನೀವು ಒಂದು ಫೋನ್ ಮಾಡಲಿಲ್ಲ. ಆದರೂ ನಿಮ್ಮ ಬಗ್ಗೆ ಅವರು ಮನೆಯಲ್ಲಿ ಒಂದು ಕೆಟ್ಟ ಮಾತು ಆಡಿದವರಲ್ಲ. ಅದಕ್ಕೇ ನಾನು ಸಹಿ ಹಾಕಿದ್ದು.

ಅವರ ಮುಖವನ್ನು ತೆಗೆಯಿರಿ. ಕಥೆ ನಿಮ್ಮದು, ಏನಾದರೂ ಮಾಡಿಕೊಳ್ಳಿ. ಮುಖ ತೆಗೆಯಿರಿ.

ರಾಹಿಲಾ

•

ಮುಂಬಯಿ
5 ಮಾರ್ಚ್ 2025

ರಾಹಿಲಾ ಅವರಿಗೆ,

ನಿಮ್ಮ ಪತ್ರವನ್ನು ಕಂಪನಿಯ ಕಾನೂನು ವಿಭಾಗಕ್ಕೆ ತೋರಿಸಿದೆ. ಒಪ್ಪಿಗೆ ಪತ್ರದಲ್ಲಿ ಪಾತ್ರದ ಸ್ವರೂಪದ ಬಗ್ಗೆ ಯಾವ ಷರತ್ತೂ ಇಲ್ಲದ ಕಾರಣ ಈ ಹಂತದಲ್ಲಿ ಬದಲಾವಣೆ ಸಾಧ್ಯವಿಲ್ಲ ಎಂದು ತಿಳಿಸಿದ್ದಾರೆ. ಬಿಡುಗಡೆಯ ದಿನ ನಿಗದಿಯಾಗಿದೆ.

ನನ್ನ ಕಡೆಯಿಂದ, ಮೊದಲ ಕಂತಿನ ಆರಂಭದಲ್ಲಿ ‘ಅಯ್ಯೂಬ್ ನೆನಪಿಗೆ’ ಎಂದು ಹಾಕಿಸಿದ್ದೇನೆ. ಅದಕ್ಕೆ ಅವರು ಒಪ್ಪಿದರು.

ಕಂತು ಬಂದ ಮೇಲೆ ಲಿಂಕ್ ಕಳಿಸ್ತೇನೆ.

ಸುಜಿತ್

•

ಕೂಳೂರು
19 ಏಪ್ರಿಲ್ 2025

ಸುಜಿತ್ ಶೆಟ್ಟಿಯವರಿಗೆ,

ನಾನು ನೋಡಲಿಲ್ಲ. ನೋಡುವುದಿಲ್ಲ ಎಂದು ಹಠ ಮಾಡಿದವಳು ನಾನು ಮಾತ್ರ. ಝಹ್ರಾ ನೋಡಿದಳು.

ಮೊದಲ ದಿನ ಬಾಗಿಲು ಹಾಕಿಕೊಂಡು ಒಬ್ಬಳೇ ನೋಡಿದಳು. ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು. ನನ್ನ ಹಾಗೆ ಅವಳಿಗೂ ಸಿಟ್ಟು ಬಂದಿದೆ ಎಂದುಕೊಂಡೆ. “ಉಮ್ಮಾ, ಅವರು ಮಗಳನ್ನು ‘ಚಿನ್ನಾ’ ಅಂತ ಕರೀತಾರೆ” ಎಂದಳು. ಈಗ ದಿನವೂ ನೋಡುತ್ತಾಳೆ. ಲ್ಯಾಬಿಗೆ ಹೋಗುವ ಬಸ್ಸಿನಲ್ಲಿ ಕೂಡ. ಆ ಹುಡುಗಿಯ ಜಡೆ ಕಟ್ಟುವ ದೃಶ್ಯ ಒಂದು ಇದೆಯಂತೆ, ಅದನ್ನೇ ಮತ್ತೆ ಮತ್ತೆ.

ನಾನು ಹೇಳಿ ನೋಡಿದೆ. ಅದು ಅವರ ಸ್ವರ ಅಲ್ಲ, ಅವರು ಯಾರನ್ನೂ ಚಿನ್ನಾ ಎಂದು ಕರೆದವರಲ್ಲ, ನಿನ್ನನ್ನು ‘ಪುಳ್ಳೆ’ ಎನ್ನುತ್ತಿದ್ದರು ಎಂದೆ. ಪೈಲಟ್ ಹಾಕಿ ತೋರಿಸಿದೆ. ಸ್ವಲ್ಪ ನೋಡಿ, “ಇದರಲ್ಲಿ ಉಪ್ಪ ಬರುವುದೇ ಒಂದು ಗಳಿಗೆ. ಅದರಲ್ಲಿ ಸರಿಯಾಗಿ ಮಾತಾಡ್ತಾರೆ” ಎಂದಳು.

ದ್ರೋಹಿ ಎಂದು ಜನ ಬರೆಯುವುದು ಅವಳಿಗೆ ತಾಗುವುದೇ ಇಲ್ಲ. “ಮಗಳಿಗೋಸ್ಕರ ಅಲ್ವಾ ಮಾಡಿದ್ದು” ಎನ್ನುತ್ತಾಳೆ, ಅಭಿಮಾನದಲ್ಲಿ. ಅವಳನ್ನು ಬಿಟ್ಟು ವಿಮಾನ ಹತ್ತಿದ ಅಪ್ಪ ಅವಳಿಗೆ ಗೊತ್ತು. ಅವಳಿಗೋಸ್ಕರ ಇಡೀ ಊರನ್ನೇ ಬಿಟ್ಟುಕೊಟ್ಟ ಅಪ್ಪನನ್ನು ನೀವು ಮಾಡಿಕೊಟ್ಟಿರಿ. ಅದರ ಎದುರು ನನ್ನದು ನಡೆಯುವುದಿಲ್ಲ.

ಇದನ್ನು ನಿಮಗೆ ಯಾಕೆ ಬರೆಯುತ್ತಿದ್ದೇನೆ ಎಂದರೆ, ಬೇರೆ ಯಾರಿಗೂ ಹೇಳುವಂತಿಲ್ಲ. ಹೇಳಿದರೆ ನನ್ನ ಮಗಳದ್ದೇ ತಪ್ಪು ಎನ್ನುತ್ತಾರೆ.

ರಾಹಿಲಾ

•

ಮುಂಬಯಿ
24 ಏಪ್ರಿಲ್ 2025

ಪ್ರೀತಿಯ ರಾಹಿಲಾ,

ನಿಮ್ಮ ಪತ್ರ ಓದಿ ಎಷ್ಟೋ ತಿಂಗಳ ನಂತರ ಮನಸ್ಸು ಹಗುರವಾಯ್ತು. ನಾನು ಹೇಳಿದ್ದು ಇದನ್ನೇ ಅಲ್ವಾ? ಪೂರ್ತಿ ನೋಡಿದವರಿಗೆ ಅರ್ಥ ಆಗ್ತದೆ. ಝಹ್ರಾಳಿಗೆ ಅರ್ಥ ಆಯ್ತು.

ಅವಳು ನಮ್ಮ ಕಂಪನಿಗೂ ಒಂದು ಮೇಲ್ ಮಾಡಿದ್ದಾಳೆ, ನಿಮಗೆ ಹೇಳಿರಬಹುದು. ಇಲ್ಲಿ ಎಲ್ಲರೂ ಓದಿ ಕಣ್ಣೀರು ಹಾಕಿದರು. ಕಾದರ್‌ನ ಮುಖದ ನಿಜವಾದ ಮಗಳು! ಎರಡನೇ ಭಾಗದ ಪ್ರಚಾರಕ್ಕೆ ಅವಳ ಒಂದು ಸಂದರ್ಶನ ಮಾಡಬೇಕು ಅಂತ ಉಂಟು. ಮುಂಬಯಿಗೆ ಬರ್ತೇನೆ ಅಂದಿದ್ದಾಳೆ. ನೀವೂ ಬನ್ನಿ. ನಮ್ಮ ಮನೆಯಲ್ಲೇ ಇರಬಹುದು.

ನಾವು ಇನ್ನು ಹಳೆಯದನ್ನು ಮರೆಯುವ.

ನಿಮ್ಮ,
ಸುಜಿತ್

•

ಕೂಳೂರು
6 ಮೇ 2025

ಸುಜಿತ್ ಶೆಟ್ಟಿಯವರಿಗೆ,

ಅವಳು ಮೇಲ್ ಮಾಡಿದ್ದು ನನಗೆ ಗೊತ್ತಿರಲಿಲ್ಲ. ನಿಮ್ಮ ಪತ್ರದಿಂದ ಗೊತ್ತಾಯಿತು. ಕೇಳಿದೆ. “ನೀವು ಬೇಡ ಅಂತೀರಿ ಅಂತ ಹೇಳಲಿಲ್ಲ” ಎಂದಳು. ನೀವು ನನಗೆ ಕೊಟ್ಟ ಕಾರಣವೂ ಇದೇ.

ಮಗಳು ದೊಡ್ಡವಳು, ದುಡಿಯುತ್ತಾಳೆ. ಹೋಗಬೇಡ ಎಂದು ಕಟ್ಟಿಹಾಕಲು ಆಗುವುದಿಲ್ಲ. ಶುಕ್ರವಾರದ ರೈಲಿಗೆ ಹೊರಡುತ್ತಾಳೆ. ನಾನು ಬರುವುದಿಲ್ಲ. ಸ್ಟೇಷನ್ನಿಗೆ ನೀವೇ ಬನ್ನಿ, ಬೇರೆ ಯಾರನ್ನೂ ಕಳಿಸಬೇಡಿ. ಅವಳಿಗೆ ಆ ಊರು ಹೊಸದು.

ಇನ್ನೊಂದು ಮಾತು. ಕಳೆದ ವಾರ ನೀವು ಯಾವುದೋ ಚಾನೆಲಿಗೆ ಕೊಟ್ಟ ಸಂದರ್ಶನ ನೋಡಿದಳು. ಅದರಲ್ಲಿ, “ಕಾದರ್ ಪೂರ್ತಿ ಕಲ್ಪನೆ ಅಲ್ಲ, ನನ್ನ ಜೀವನದಲ್ಲಿ ಹಾಗೆ ಒಬ್ಬ ಇದ್ದ” ಎಂದಿದ್ದೀರಿ. ನನಗೆ “ಮುಖ ಮಾತ್ರ ಅವನದ್ದು” ಎಂದು ಬರೆದಿದ್ದಿರಿ. ಇರಲಿ. ಅದನ್ನು ನೋಡಿದ ಮೇಲೆ ಝಹ್ರಾ ಅಡುಗೆಮನೆಗೆ ಬಂದು ನನ್ನ ಹತ್ತಿರ ನಿಂತು ಕೇಳಿದಳು. “ಉಮ್ಮಾ, ಉಪ್ಪ ಇಲ್ಲಿ ಎಂತಾದರೂ ಮಾಡಿದ್ದರಾ? ಅದಕ್ಕೇ ಊರು ಬಿಟ್ಟದ್ದಾ?”

ಇಲ್ಲ ಎಂದೆ. ಅಂಥದ್ದು ಏನೂ ಇಲ್ಲ, ಒಬ್ಬರ ಒಂದು ರೂಪಾಯಿಯನ್ನೂ ಮುಟ್ಟಿದವರಲ್ಲ, ಕೆಲಸ ಇಲ್ಲದೆ ಹೋದದ್ದು ಎಂದೆ. ಅವಳು ನನ್ನ ಮುಖ ನೋಡಿ, ತುಂಬ ಪ್ರೀತಿಯಿಂದಲೇ, “ನೀವು ಹಾಗೇ ಹೇಳಬೇಕಲ್ಲ ಉಮ್ಮಾ. ಏನಿದ್ದರೂ ನನಗೆ ಬೇಸರ ಇಲ್ಲ” ಎಂದಳು.

ಇದೇ ಪ್ರಶ್ನೆಯನ್ನು ನಿಮ್ಮ ಹತ್ತಿರ ಕೇಳುತ್ತಾಳೆ. ಅದಕ್ಕಾಗಿಯೇ ಬರುತ್ತಿದ್ದಾಳೆ, ಸಂದರ್ಶನಕ್ಕಲ್ಲ. ಕ್ಯಾಮೆರಾ ಎದುರು ಕೇಳಿದರೂ ಕೇಳಬಹುದು. ಅವರನ್ನು ಕಂಡವರಲ್ಲಿ ಅವಳು ನಂಬುವುದು ಈಗ ನಿಮ್ಮನ್ನು ಮಾತ್ರ.

ನೀವು ಏನು ಹೇಳಬೇಕು ಎಂದು ನಾನು ಬರೆಯುವುದಿಲ್ಲ. ನಿಮಗೆ ಗೊತ್ತಿದೆ. ನೀವು ಹೇಳಿದ್ದೇ ಅವಳ ಅಪ್ಪ. ಆಮೇಲೆ ನಾನು ಬದುಕಿರುವಷ್ಟು ದಿನ ಅದೇ ಮನುಷ್ಯನ ಹೆಂಡತಿಯಾಗಿ ಈ ಮನೆಯಲ್ಲಿ ಅವಳ ಜೊತೆ ಇರಬೇಕು.

ಅವಳು ತಲುಪಿದ ಕೂಡಲೇ ಒಂದು ಮೆಸೇಜ್ ಹಾಕಿ. ಅಷ್ಟೇ ಸಾಕು, ಪತ್ರ ಬೇಡ.

ರಾಹಿಲಾ